ಅರ್ಧ ಮಾರ್ಕ್ಸಿನ ಮಗ

ನಮ್ಮ ಮನೆಯಲ್ಲಿ ಮಾರ್ಕ್ಸ್ ಎಂದರೆ ನೂರಕ್ಕೆ ಎಷ್ಟು ಎಂಬ ಲೆಕ್ಕ, ಬೇರೆ ಅರ್ಥವಿರಲಿಲ್ಲ. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಅಮ್ಮ ಓದಿದ್ದು ಏಳನೇ ಕ್ಲಾಸು. ಇಬ್ಬರಿಗೂ ನನ್ನ ಮಾರ್ಕ್ಸ್ ಕಾರ್ಡೆಂದರೆ ಮೊದಲು ದೇವರ ಮುಂದಿಟ್ಟು ಆಮೇಲೆ ಸಹಿ ಹಾಕುವ ಕಾಗದ. ನ್ಯೂ ಟೌನಿನ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ಯಾರ ಮನೆಯ ಮಗುವಿಗೆ ಗಣಿತದಲ್ಲಿ ಎಷ್ಟು ಬಂತು ಎನ್ನುವುದು ಸಂಜೆಯ ಹೊತ್ತಿಗೆ ಸಾಲಿಗೆಲ್ಲ ಗೊತ್ತಾಗುತ್ತಿತ್ತು. ಅಂಥ ಮನೆಗೆ, ಡಿಗ್ರಿಯೂ ಮುಗಿದು ಕೆಲವು ವರ್ಷಗಳಾದ ಮೇಲೆ, ನಾನು ಅರ್ಧ ಮಾರ್ಕ್ಸ್ ತೆಗೆದುಕೊಂಡು ಬಂದೆ.

"ಎಷ್ಟು ಬಂತೋ?" ಎಂದಳು ಅಮ್ಮ, ನನ್ನನ್ನು ವ್ಯಾನಿನಿಂದ ಇಳಿಸುವ ಮೊದಲೇ.

"ಅರ್ಧ."

"ಎಷ್ಟಕ್ಕೆ?"

"ಮೂರೂವರೆಗೆ."

ಅಮ್ಮ ಬೇಲಿಯಾಚೆ ಕಣ್ಣು ಹಾಯಿಸಿದಳು. ಪಕ್ಕದ ಕ್ವಾರ್ಟರ್ಸಿನ ತಮಿಳು ಆಂಟಿ ಬಟ್ಟೆ ಒಣಹಾಕುವ ನೆಪದಲ್ಲಿ ಕಿವಿಯನ್ನು ಇತ್ತಲೇ ಇಟ್ಟಿದ್ದರು. "ಮೆಲ್ಲಗೆ ಹೇಳೋ," ಎಂದು ನನ್ನನ್ನು ಗದರಿ, ಆಮೇಲೆ ಬೇಲಿಗೆ ಕೇಳುವಂತೆ, "ಪಾಸಾಗಿದಾನೆ ಕಣ್ರೀ, ಟೀಮಿಗೆ ತಗೊಂಡಿದಾರೆ," ಎಂದಳು. ಎಷ್ಟು ಬಂತು ಎಂದು ಆಂಟಿ ಕೇಳುವಷ್ಟರಲ್ಲಿ ಅಪ್ಪನೂ ಅಮ್ಮನೂ ಸೇರಿ ನನ್ನನ್ನು ಎತ್ತಿ ಗಾಲಿಕುರ್ಚಿಗೆ ಹಾಕಿ ಒಳಗೆ ತಳ್ಳಿಕೊಂಡು ಹೋಗಿದ್ದರು.

ಆ ಪರೀಕ್ಷೆ ಓದಿದ್ದಕ್ಕಲ್ಲ, ಮೈಗೆ. ನಾನು ಆಡುವುದು ವೀಲ್‌ಚೇರ್ ರಗ್ಬಿ. ಕಾಲುಗಳ ಜೊತೆಗೆ ಕೈಗಳಿಗೂ ಪೆಟ್ಟಾದವರ ಆಟ ಇದು. ಆಡಬಯಸುವವನನ್ನು ಪರೀಕ್ಷಕರು ಮೇಜಿನ ಪಕ್ಕ ಕೂರಿಸಿ, ಭುಜ ಎಷ್ಟು ಏಳುತ್ತದೆ, ಬೆರಳು ಎಷ್ಟು ಮಡಚುತ್ತದೆ, ಸೊಂಟ ನಿಲ್ಲುತ್ತದೆಯೇ ಎಂದು ನೋಡಿ ಒಂದು ಅಂಕ ಕೊಡುತ್ತಾರೆ. ಕೈ ಚೆನ್ನಾಗಿರುವವನಿಗೆ ಮೂರೂವರೆ. ಕೈಯೂ ಹೆಚ್ಚು ಕೇಳದವನಿಗೆ ಅರ್ಧ. ಅಂಕಣದಲ್ಲಿ ಒಂದು ತಂಡದ ನಾಲ್ವರು ಆಡುತ್ತಾರೆ, ಆ ನಾಲ್ವರ ಅಂಕ ಕೂಡಿದರೆ ಎಂಟು ದಾಟಬಾರದು. ಹಾಗಾಗಿ ಅರ್ಧದವನು ಒಬ್ಬನಿದ್ದರೆ ಉಳಿದ ಮೂವರು ಬಲಶಾಲಿಗಳಾಗಬಹುದು. ಕಡಿಮೆ ಅಂಕದವನಿಗೆ ಈ ಆಟದಲ್ಲಿ ಬೆಲೆ ಹೆಚ್ಚು.

ಇದನ್ನು ನಾನು ಅಮ್ಮನಿಗೆ ಹೇಳದೆ ಇರಲಿಲ್ಲ. "ಕಮ್ಮಿ ಇದ್ರೇನೇ ಒಳ್ಳೇದು ಕಣಮ್ಮ," ಎಂದೆ. ಅಮ್ಮ ನನ್ನ ತಲೆ ಸವರಿ, "ಕಮ್ಮಿ ತಗೊಂಡೋರೆಲ್ಲ ಹೇಳೋ ಮಾತೇ ಅದು. ಹೋಗ್ಲಿ ಬಿಡು, ಮುಂದಿನ ಸಲ ನೋಡಣ," ಎಂದಳು. ಪಿಯುಸಿಯಲ್ಲಿ ಫಿಸಿಕ್ಸ್ ಪೇಪರ್ ಬಹಳ ಕಷ್ಟವಿತ್ತು, ಇಡೀ ಕ್ಲಾಸಿಗೇ ಕಡಿಮೆ ಬಂದಿದೆ ಎಂದು ನಾನು ಹೇಳಿದಾಗಲೂ ಅವಳು ಇದೇ ಧಾಟಿಯಲ್ಲಿ ಸಮಾಧಾನ ಮಾಡಿದ್ದಳು. ನಂಬಿರಲಿಲ್ಲ.

ಮೈಗೆ ಪೆಟ್ಟಾದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಡಿಗ್ರಿ ಮುಗಿದ ಬೇಸಿಗೆಯಲ್ಲಿ ಗೆಳೆಯರ ಜೊತೆ ಗಾಜನೂರಿನ ಕಡೆ ಹೋಗಿದ್ದೆ. ತುಂಗೆಗೆ ತಲೆಮುಂದಾಗಿ ಹಾರಿದೆ. ಮೇಲಿನಿಂದ ಆಳವಾಗಿ ಕಂಡ ನೀರು ಆಳವಾಗಿರಲಿಲ್ಲ. ಕೇಳಿದವರು ಇನ್ನೂ ಏನೋ ಇದೆ ಎಂಬಂತೆ ಕಾಯುತ್ತಾರೆ, ಆದರೆ ಅಷ್ಟೇ. ಕುತ್ತಿಗೆಯ ಮೂಳೆ ಮುರಿಯಿತು. ಕಾಲು ಹೋಯಿತು, ಹೊಟ್ಟೆ ಸೊಂಟಗಳ ಹಿಡಿತ ಹೋಯಿತು, ಕೈಗಳು ಅರ್ಧಂಬರ್ಧ ಉಳಿದವು. ಭುಜ ಏಳುತ್ತಿತ್ತು, ಮೊಣಕೈ ಮಡಚುತ್ತಿತ್ತು. ಬೆರಳುಗಳು ನನ್ನವಾಗಿರಲಿಲ್ಲ. ಮಡಚಿದ ಮೊಣಕೈಯನ್ನು ಬಲ ಹಾಕಿ ನೀಡುವುದೂ ಆಗುತ್ತಿರಲಿಲ್ಲ. ಅಂದರೆ ನನ್ನ ಕೈ ಎಳೆಯಬಲ್ಲದು, ತಳ್ಳಲಾರದು; ಕುರ್ಚಿಯ ಚಕ್ರವನ್ನೂ ಅಂಗೈ ಒತ್ತಿ ಮೇಲಕ್ಕೆಳೆದೇ ಉರುಳಿಸಬೇಕು. ತಳ್ಳಲಾರದು ಎಂಬ ಈ ಒಂದು ವಿಷಯ ಓದುವವರಿಗೆ ನೆನಪಿದ್ದರೆ ಸಾಕು.

ಆಮೇಲಿನ ಎರಡು ವರ್ಷ ನಾನು ಮನೆಯ ಮುಂದಿನ ಜಗಲಿಯಲ್ಲಿ ಕುಳಿತು 'ಅಯ್ಯೋ' ಕೇಳಿಸಿಕೊಂಡೆ. ಬಂದವರು ಬಾಗಿಲಲ್ಲಿ ಒಮ್ಮೆ 'ಅಯ್ಯೋ' ಎನ್ನುತ್ತಿದ್ದರು, ಕಾಫಿ ಕುಡಿದು ಹೊರಡುವಾಗ ಇನ್ನೊಮ್ಮೆ. ನನಗೆ ಆ ಶಬ್ದ ಕಂಡರಾಗದು. ಅಮ್ಮ ಮಾತ್ರ ಅದನ್ನು ಒಮ್ಮೆಯೂ ಅನ್ನಲಿಲ್ಲ. ಯಾರಾದರೂ "ಕೈಲಿ ಏನೂ ಆಗಲ್ವಾ?" ಎಂದು ಕೇಳಿದರೆ ಸಾಕು, "ಯಾಕಾಗಲ್ಲ, ಎಲ್ಲಾ ಆಗತ್ತೆ. ಸ್ವಲ್ಪ ಟೈಮ್ ಬೇಕು ಅಷ್ಟೇ," ಎಂದು ಸೆಟೆದು ನಿಲ್ಲುತ್ತಿದ್ದಳು. ಅವರ ಕಾಫಿಗೆ ಆಮೇಲೆ ಸಕ್ಕರೆ ಕಡಿಮೆಯಾಗುತ್ತಿತ್ತು.

ಆಟಕ್ಕೆ ನನ್ನನ್ನು ಎಳೆದದ್ದು ಶಿವಮೊಗ್ಗದ ಹೊಸಮನೆಯ ಒಬ್ಬರು. ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಹುಟ್ಟಿನಿಂದಲೇ ಅವರ ಎರಡು ಕಾಲು, ಒಂದು ಕೈ ಪೂರ್ತಿ ಬೆಳೆದಿರಲಿಲ್ಲ. ಉಳಿದ ಮೈಯಲ್ಲಿ ಎತ್ತಿನ ಬಲ. ನಮ್ಮ ತಂಡದ ಕ್ಯಾಪ್ಟನ್ ಅವರೇ, ಮೂರೂವರೆ ಅಂಕದವರೂ ಅವರೊಬ್ಬರೇ. ವೀಲ್‌ಚೇರ್ ರಿಪೇರಿಯ ಶಿಬಿರವೊಂದರಲ್ಲಿ ನನ್ನನ್ನು ಕಂಡವರು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನನ್ನ ಕೈ ಎತ್ತಿ, ಬಿಟ್ಟು, ಅದು ದೊಪ್ಪನೆ ಬಿದ್ದದ್ದನ್ನು ನೋಡಿ ಮುಖ ಅರಳಿಸಿದರು.

"ಆಹಾ, ಗೊರಬಲು ಮಾರಾಯ!" ಎಂದರು. "ನಾವು ಇಂಥದ್ದೇ ಹುಡುಕ್ತಾ ಇದ್ವಿ."

ಗೊರಬಲು ಎಂದರೆ ಮಂಡಿಯಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಯ ಅಡಿಕೆ. ಸರಕು, ಬೆಟ್ಟೆ, ರಾಶಿಗಳೆಲ್ಲ ಅದರ ಮೇಲೆ. ನನ್ನ ಕೈ ಬಿದ್ದದ್ದಕ್ಕೆ ಸಂತೋಷಪಟ್ಟ ಮೊದಲ ಮನುಷ್ಯ ಅವರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಜಗಲಿ ಬಿಟ್ಟು ಹೊರಡಲು ಅಷ್ಟು ಸಾಕಾಯಿತು.

ಆಡಲು ಜಾಗವಿರಲಿಲ್ಲ. ಈ ಆಟಕ್ಕೆ ಸೂರಿನ ಕೆಳಗೆ ನುಣುಪಾದ, ದೊಡ್ಡ ನೆಲ ಬೇಕು. ಹೊಸಮನೆಯ ಒಂದು ಕಲ್ಯಾಣ ಮಂಟಪದವರು ಕ್ಯಾಪ್ಟನ್‌ಗೆ ಪರಿಚಯ. ಮದುವೆಯಿಲ್ಲದ ದಿನ ಬಂದು ಆಡಿಕೊಳ್ಳಿ, ನೆಲದ ಮೇಲೆ ಟೈರಿನ ಗುರುತು ಉಳಿಯದಂತೆ ಒರೆಸಿಕೊಟ್ಟು ಹೋಗಿ ಎಂದರು. ಹೀಗಾಗಿ ನಮ್ಮ ತಂಡದ ಅಭ್ಯಾಸವೆಲ್ಲ ಪಂಚಾಂಗದ ಪ್ರಕಾರ ನಡೆಯಿತು. ಊರಿನವರು ಒಳ್ಳೆಯ ಮುಹೂರ್ತ ಹುಡುಕಿದರೆ ನಾವು ಕೆಟ್ಟ ದಿನ ಹುಡುಕುತ್ತಿದ್ದೆವು. ಅಮಾವಾಸ್ಯೆ ನಮಗೆ ಹಬ್ಬ. ಆಷಾಢ ಬಂತೆಂದರೆ ತಿಂಗಳು ಪೂರ್ತಿ ಮಂಟಪ ನಮ್ಮದೇ. ಮದುವೆಯ ಕಾಲದಲ್ಲೇ ಗುರು ಅಸ್ತನಾದ ವರ್ಷ ಮದುವೆಗಳೆಲ್ಲ ಮುಂದಕ್ಕೆ ಹೋಗಿ ನಮ್ಮ ಆಟ ಎಂದಿಲ್ಲದಷ್ಟು ಸುಧಾರಿಸಿತು. ಅಷ್ಟರಲ್ಲಿ ನಿವೃತ್ತರಾಗಿ, ಕ್ವಾರ್ಟರ್ಸನ್ನು ಬಾಡಿಗೆಗೆ ಉಳಿಸಿಕೊಂಡಿದ್ದ ಅಪ್ಪ ಗೋಡೆಯ ಕ್ಯಾಲೆಂಡರಿನ ಮುಂದೆ ಕನ್ನಡಕ ಹಾಕಿ ನಿಂತು, "ಗುರುವಾರ ಏನೂ ಇಲ್ಲ, ದಿನ ಪೂರ್ತಿ ಕೆಟ್ಟದಾಗಿದೆ," ಎಂದು ಸಂತೋಷದಿಂದ ಹೇಳುತ್ತಿದ್ದರು. ಆಮೇಲೆ ಹಳೆಯ ಓಮ್ನಿಯಲ್ಲಿ ನನ್ನನ್ನು ಹಾಕಿಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಡುತ್ತಿದ್ದರು.

ಮಂಟಪದಲ್ಲಿ ಹಿಂದಿನ ದಿನದ ಮಲ್ಲಿಗೆಯೂ ಸಾರಿನ ಪರಿಮಳವೂ ಇನ್ನೂ ಇರುತ್ತಿತ್ತು. ಕ್ಯಾಪ್ಟನ್ ವಧೂವರರ ವೇದಿಕೆಯ ಮುಂದೆ ಎರಡು ಪ್ಲಾಸ್ಟಿಕ್ ಕೋನ್ ಇಟ್ಟು ಗೋಲ್ ಗೆರೆ ಮಾಡುತ್ತಿದ್ದರು. ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಆ ಗೆರೆ ದಾಟಿದರೆ ಒಂದು ಗೋಲು. ಎದುರಾಳಿ ಕುರ್ಚಿಯಿಂದ ಕುರ್ಚಿಗೆ ಗುದ್ದಿ ತಡೆಯಬಹುದು. ಅದು ತಪ್ಪಲ್ಲ, ಅದೇ ಆಟ. ಮೊದಲ ದಿನ ನನಗೆ ಬಿದ್ದ ಗುದ್ದಿಗೆ ಹಲ್ಲು ಕಟಕಟಿಸಿತು. "ನೆಲ ಇಳಿಜಾರಿದೆ," ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಕ್ಯಾಪ್ಟನ್, ಇನ್ನೊಂದು ಗುದ್ದು ಕೊಟ್ಟು. ಎರಡು ವರ್ಷ ನನ್ನನ್ನು ಯಾರೂ ಮುಟ್ಟುವಾಗಲೂ ಹೆದರಿಕೊಂಡೇ ಮುಟ್ಟಿದ್ದರು. ಆ ಗುದ್ದು ನನಗೆ ಎಷ್ಟು ಹಿತವಾಯಿತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಅರ್ಧದವನ ಕೆಲಸ ಗೋಲು ಹೊಡೆಯುವುದಲ್ಲ. ನನ್ನ ಕುರ್ಚಿಯ ಮುಂದೆ ಕಬ್ಬಿಣದ ಒಂದು ಚೌಕಟ್ಟು ಚಾಚಿಕೊಂಡಿರುತ್ತದೆ. ಅದನ್ನು ಎದುರಾಳಿಯ ಚಕ್ರದ ಪಕ್ಕಕ್ಕೆ ಸಿಕ್ಕಿಸಿ ಅವನನ್ನು ಅಲ್ಲೇ ನಿಲ್ಲಿಸಿಬಿಡುವುದು. ಅಷ್ಟರಲ್ಲಿ ಕ್ಯಾಪ್ಟನ್ ಚೆಂಡಿನೊಂದಿಗೆ ಗೆರೆ ದಾಟಿರುತ್ತಾರೆ. ಕನ್ನಡದಲ್ಲಿ ಇದಕ್ಕೆ ಅಡ್ಡಗಾಲು ಹಾಕುವುದು ಎನ್ನಬೇಕು. ಎರಡು ಕಾಲೂ ಬಾರದವನಿಗೆ ಅಡ್ಡಗಾಲು ಹಾಕುವುದೇ ವೃತ್ತಿಯಾದದ್ದು ನನಗೆ ಇವತ್ತಿಗೂ ತಮಾಷೆಯಾಗಿ ಕಾಣುತ್ತದೆ. ಆ ಚೌಕಟ್ಟು ಬಾಗಿದಾಗಲೆಲ್ಲ ಅಪ್ಪನ ಕಾರ್ಖಾನೆಯ ಹಳೆಯ ತಮಿಳು ವೆಲ್ಡರ್ ಸರಿಮಾಡಿ ಕೊಡುತ್ತಿದ್ದರು. "ಏನು ತಂಬಿ, ಚೇರಾ ಇದು, ಟ್ಯಾಂಕಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು.

ಅಮ್ಮನಿಗೂ ಒಂದು ಹುದ್ದೆ ಸಿಕ್ಕಿತು. ಕುತ್ತಿಗೆ ಮುರಿದವರಿಗೆ ಬೆವರು ಬರುವುದಿಲ್ಲ. ಆಡುತ್ತ ಆಡುತ್ತ ಮೈ ಕಾದುಹೋಗುತ್ತದೆ. ಬಿಡುವು ಸಿಕ್ಕಾಗಲೆಲ್ಲ ಯಾರಾದರೂ ಮುಖಕ್ಕೆ ಕತ್ತಿಗೆ ನೀರು ಚಿಮುಕಿಸಬೇಕು. ಅಮ್ಮ ಇಸ್ತ್ರಿ ಅಂಗಡಿಯವರು ಇಟ್ಟುಕೊಳ್ಳುವಂಥ ಸ್ಪ್ರೇ ಬಾಟಲಿ ಹಿಡಿದು ಅಂಕಣದ ಅಂಚಿನಲ್ಲಿ ನಿಲ್ಲತೊಡಗಿದಳು. ಆಟದ ನಿಯಮ ಅವಳಿಗೆ ತಿಳಿಯಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. ನನಗೆ ಗುದ್ದಿದವನ ಮುಖಕ್ಕೂ ನೀರು ಹೊಡೆಯುತ್ತಿದ್ದಳು, ಸ್ವಲ್ಪ ಜೋರಾಗಿ.

ಹೀಗೆ ಮೂರು ಆಷಾಢ ಕಳೆದವು. ನಮ್ಮ ನಾಲ್ವರಲ್ಲಿ ಕ್ಯಾಪ್ಟನ್ ಮೂರೂವರೆ, ಇನ್ನಿಬ್ಬರು ಎರಡೆರಡು, ನಾನು ಅರ್ಧ. ಕೂಡಿದರೆ ಸರಿಯಾಗಿ ಎಂಟು. ಹೊರಗಿನ ಊರುಗಳಿಗೆ ಹೋಗಿ ಆಡಿದೆವು, ಸೋತೆವು, ಆಮೇಲೆ ಗೆಲ್ಲಲು ಶುರುಮಾಡಿದೆವು. ರಾಜ್ಯ ತಂಡಕ್ಕೆ ನಾಲ್ವರನ್ನೂ ಒಟ್ಟಿಗೇ ಆರಿಸಿದರು. ರೈಲಿನಲ್ಲಿ, ಹೋಟೆಲಿನಲ್ಲಿ, ಬಸ್ ನಿಲ್ದಾಣದ ಮೆಟ್ಟಿಲ ಮುಂದೆ ನನಗೊಂದು ಗುರುತು ಬಂತು. ಯಾರಾದರೂ 'ಅಯ್ಯೋ' ಎನ್ನುವ ಮೊದಲೇ ನಾನು "ಪ್ಲೇಯರ್ ರೀ" ಎನ್ನುತ್ತಿದ್ದೆ. ಆ ಮಾತಿಲ್ಲದೆ ಮತ್ತೆ ಜಗಲಿಗೆ ಹೋಗಿ ಕೂರುವುದನ್ನು ನೆನೆದರೆ ಭಯವಾಗುತ್ತಿತ್ತು.

ಆಗ ಒಂದು ಭಾನುವಾರ ಅಮ್ಮ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಅವಳು ತಿಕ್ಕಲು ಕುಳಿತರೆ ಮುಗಿಸುವುದಿಲ್ಲ. ಎಣ್ಣೆ ಹುಬ್ಬಿನ ಮೇಲೆ ಇಳಿಯುತ್ತಿತ್ತು. "ಸಾಕಮ್ಮ," ಎಂದು ಬಲಗೈಯಿಂದ ಅವಳ ಕೈಯನ್ನು ಪಕ್ಕಕ್ಕೆ ತಳ್ಳಿದೆ.

ಅಮ್ಮನ ಕೈ ನಿಂತಿತು.

"ಏನೋ ಮಾಡ್ದೆ ಈಗ?"

"ಏನ್ ಮಾಡ್ದೆ?"

"ತಳ್ದೆ ಕಣೋ ನೀನು. ಇನ್ನೊಂದ್ಸಲ ತಳ್ಳು."

ಅವಳು ಎಣ್ಣೆಯ ಅಂಗೈಯನ್ನು ನನ್ನ ಮುಂದೆ ಹಿಡಿದಳು. ತಳ್ಳಿದೆ. ಮೊಣಕೈ ನಡುಗುತ್ತ ನಡುಗುತ್ತ ಸ್ವಲ್ಪ ನೀಡಿಕೊಂಡಿತು, ಅಮ್ಮನ ಕೈ ಹಿಂದಕ್ಕೆ ಹೋಯಿತು. ಅವಳು ಅಪ್ಪನನ್ನು ಕೂಗಿದಳು, ಬೇಲಿಯಾಚೆಯ ಆಂಟಿಯನ್ನು ಕೂಗಿದಳು. ಎಲ್ಲರ ಕೈಯನ್ನೂ ನನ್ನಿಂದ ತಳ್ಳಿಸಿದಳು. ತನ್ನನ್ನು ಮಗ ದೂರ ತಳ್ಳಿದ ಎಂದು ಅಷ್ಟು ಹಿಗ್ಗಿದ ತಾಯಿಯನ್ನು ನಾನು ಬೇರೆ ಕಂಡಿಲ್ಲ. ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರರು, ಇಷ್ಟು ತಡವಾಗಿ ಇಷ್ಟು ಬಲ ಬರುವುದು ಅಪರೂಪ, ಬಂದಿದೆ, ಬಳಸಿ ಎಂದರು. ಎಡಗೈಯಲ್ಲೂ ತುಸು ಇತ್ತು. ಹಲಗೆಯೊಂದರ ಮೇಲೆ ಜಾರಿ ಹಾಸಿಗೆಯಿಂದ ಕುರ್ಚಿಗೆ ನಾನೇ ಹೋಗುವುದನ್ನು ಕಲಿಯಬಹುದು ಎಂದೂ ಹೇಳಿದರು. ಹಲಗೆ ಬಂತು. ಆದರೆ ನಾನು ಅದರ ಮೇಲೆ ಕೈ ಊರುವುದರೊಳಗೆ ಅಮ್ಮ ಓಡಿಬಂದು ಎತ್ತಿಬಿಡುತ್ತಿದ್ದಳು.

ಮಂಟಪದಲ್ಲಿ ಕ್ಯಾಪ್ಟನ್‌ಗೆ ತೋರಿಸಿದೆ. ಅವರು ನನ್ನ ಮುಷ್ಟಿಗೆ ತಮ್ಮ ಅಂಗೈ ಒಡ್ಡಿ, ತಳ್ಳಿಸಿಕೊಂಡು, ಇನ್ನೊಮ್ಮೆ ತಳ್ಳಿಸಿಕೊಂಡರು.

"ಒಳ್ಳೇದಾಯ್ತು ಮಾರಾಯ," ಎಂದರು. ಮುಖದಲ್ಲಿ ಸಂತೋಷವಿತ್ತು, ಲೆಕ್ಕವೂ ಇತ್ತು. ನಾನೂ ಅದೇ ಲೆಕ್ಕ ಹಾಕುತ್ತಿದ್ದೆ. ಈ ಕೈಗೆ ಪರೀಕ್ಷಕರು ಒಂದು ಅಂಕ ಕೊಟ್ಟರೆ ನಮ್ಮ ನಾಲ್ವರು ಎಂಟೂವರೆ. ನಾನು ಹೊರಗೆ. ರಾಷ್ಟ್ರಮಟ್ಟದ ಪಂದ್ಯಕ್ಕೆ ಹೊರಟಿದ್ದೆವು, ಅಲ್ಲಿ ನನ್ನನ್ನು ಮತ್ತೆ ಪರೀಕ್ಷಿಸುವುದಿತ್ತು.

ಎರಡು ಅಂಕದವರಲ್ಲಿ ಒಬ್ಬ, "ಟೇಬಲ್ ಮೇಲೆ ಸ್ವಲ್ಪ ಸಡಿಲ ಬಿಡು ಗುರೂ," ಎಂದ.

ಕ್ಯಾಪ್ಟನ್ ಅವನ ಕಡೆ ತಿರುಗಿದರು. "ಬೆಟ್ಟೆ ಅಡಿಕೆನ ಗೊರಬಲು ಅಂತ ಬರ್ಸಿದ್ರೆ ಮಂಡೀಲಿ ಏನಂತಾರೆ ಗೊತ್ತಾ? ಕಳ್ಳ ಅಂತಾರೆ. ಸಿಕ್ಕಿಬಿದ್ರೆ ಜನ್ಮಪೂರ್ತಿ ಆಟ ಇಲ್ಲ. ಸಿಕ್ಕದೆ ಇದ್ರೂ ನಮ್ ಟೀಮಲ್ಲಿ ಇಲ್ಲ." ಆಮೇಲೆ ನನಗೆ, "ಅವರು ತಳ್ಳು ಅಂದ್ರೆ ತಳ್ಳು. ಎಷ್ಟಾಗತ್ತೋ ಅಷ್ಟು," ಎಂದರು. ಮಾತು ಅಲ್ಲಿಗೆ ಮುಗಿಯಿತು.

ಪಂದ್ಯಗಳು ಹೊರರಾಜ್ಯದ ಒಂದು ನಗರದಲ್ಲಿ ನಡೆದವು. ನನ್ನ ಜೊತೆಗೆ ಒಬ್ಬರು ಒಳಗೆ ಬರಬಹುದು ಎಂದರು. ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಮೇಜಿನ ಆಚೆ ಮೂವರು ಪರೀಕ್ಷಕರು. ಅವರಲ್ಲಿ ಒಬ್ಬಾಕೆ ಧಾರವಾಡದ ಕಡೆಯವರು, ಕನ್ನಡ ಬರುತ್ತದೆ ಎಂದು ತಿಳಿದದ್ದೇ ತಡ, ಅಮ್ಮನಿಗೆ ಲಂಗುಲಗಾಮು ಇಲ್ಲದಾಯಿತು.

"ಮೇಡಮ್, ಎಲ್ಲಾ ಮಾಡ್ಕೋತಾನೆ. ಶರ್ಟಿನ ಗುಂಡಿ ತಾನೇ ಹಾಕ್ಕೋತಾನೆ. ಚಪಾತಿ ತಾನೇ ಹರ್ಕೊಂಡು ತಿಂತಾನೆ. ಬಾಗ್ಲು ಚಿಲಕ ತೆಗೀತಾನೆ. ಹೋದ ಸಲ ಬರೀ ಅರ್ಧ ಕೊಟ್ಟಿದ್ರು, ಈ ಸಲ ಸ್ವಲ್ಪ ನೋಡ್ಕೊಂಡು ಹಾಕಿ."

ಬೆಳಿಗ್ಗೆಯಷ್ಟೇ ನನ್ನ ಶರ್ಟಿನ ಗುಂಡಿಗಳನ್ನು ಅವಳೇ ಹಾಕಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮಮ್ಮ ಹೆಗ್ಗಣವನ್ನು ಪೈಲ್ವಾನನನ್ನಾಗಿ ಮಾಡಿ ಕೂರಿಸಿದ್ದಳು. ನನಗೆ ನಾಚಿಕೆಯಾಯಿತು, ಅವಳ ಮೇಲೆ ಸಿಟ್ಟು ಬಂತು.

"ಅಮ್ಮಾರ, ನೀವು ಸ್ವಲ್ಪ ಸುಮ್ಮ ಕುಂದರ್ರಿ," ಎಂದು ಆಕೆ ನಕ್ಕು, ನನ್ನ ಮೊಣಕೈ ಮಡಚಿ ಹಿಡಿದು, "ತಳ್ರಿ," ಎಂದರು. ತಳ್ಳಿದೆ, ಎಷ್ಟಾಗುತ್ತದೋ ಅಷ್ಟು. ರೈಲಿನ ಆಯಾಸಕ್ಕೋ ಏನೋ, ಕೈ ನಡುಗಿ ಅರ್ಧಕ್ಕೆ ನಿಂತಿತು. ಮೂವರೂ ತಮ್ಮಲ್ಲೇ ಮಾತಾಡಿಕೊಂಡರು. ಇದು ಮೊಣಕೈಯ ಬಲವೋ ಭುಜದ್ದೋ ಎಂದು ಅವರಿಗೆ ಅನುಮಾನ. ಇವತ್ತಿನ ಪಂದ್ಯಕ್ಕೆ ಅರ್ಧವೇ ಇರಲಿ, ಆಡುವುದನ್ನು ನೋಡಿ ತೀರ್ಮಾನಿಸುತ್ತೇವೆ ಎಂದರು.

ಹೊರಗೆ ಬಂದ ಅಮ್ಮ ಕಣ್ಣೀರು ಹಾಕುವುದೊಂದು ಬಾಕಿ. "ಇನ್ನೂ ಅರ್ಧವೇ ಅಂತಲ್ಲಪ್ಪಾ," ಎಂದು ಕ್ಯಾಪ್ಟನ್ ಹತ್ತಿರ ಹೇಳಿಕೊಂಡಳು. "ಅಷ್ಟು ರೆಕಮೆಂಡ್ ಮಾಡ್ದೆ."

ಕ್ಯಾಪ್ಟನ್ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. "ಅಕ್ಕಾ, ಇಲ್ ಕೇಳಿ. ಒಂದು ಚೀಲ ಇದೆ. ಎಂಟು ಕೆಜಿಗಿಂತ ಜಾಸ್ತಿ ಹಿಡಿಯಲ್ಲ. ನಾನು ಮೂರೂವರೆ ತೂಗ್ತೀನಿ, ಅವರಿಬ್ರು ಎರಡೆರಡು. ಎಷ್ಟಾಯ್ತು?"

"ಏಳೂವರೆ."

"ನಿಮ್ಮ ಮಗ ಅರ್ಧ ಇದ್ರೆ ಚೀಲದೊಳಗೆ. ಒಂದಾದ್ರೆ?"

ಅಮ್ಮ ಲೆಕ್ಕ ಮಾಡಿದಳು. ಮೂರು ವರ್ಷ ನಾನು ಹೇಳಿ ನಂಬದಿದ್ದುದನ್ನು ಅವಳು ಆ ಕ್ಷಣ ನಂಬಿದಳು. ಮುಖ ಬಿಳಿಚಿಕೊಂಡಿತು. ಎದ್ದು ಮತ್ತೆ ಆ ಕೋಣೆಗೆ ನಡೆದಳು. ನಾನು ಚಕ್ರ ಉರುಳಿಸಿಕೊಂಡು ಹಿಂದೆ ಹೋಗುವಷ್ಟರಲ್ಲಿ ಅವಳು ಧಾರವಾಡದಾಕೆಯ ಮುಂದೆ ಸೆರಗು ಹಿಡಿದು ನಿಂತಿದ್ದಳು.

"ಮೇಡಮ್, ಆಗ ನಾನು ಹೇಳಿದ್ದೆಲ್ಲ ಸುಳ್ಳು. ಗುಂಡಿ ನಾನೇ ಹಾಕೋದು. ಚಪಾತಿ ನಾನೇ ಹರ್ದು ಕೊಡೋದು. ಅವನ ಕೈಲಿ…" ಎಂದು ನಿಂತಳು. "ಅವನ ಕೈಲಿ ಏನೂ ಆಗಲ್ಲ."

ಊರಿಗೆ ಊರೇ ಹೇಳಿದಾಗ ಹೇಳದಿದ್ದ ಮಾತು ಅದು. ನನಗೋಸ್ಕರ ಹೇಳಿದಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವಳು ನನ್ನನ್ನು ನೋಡಿರಲಿಲ್ಲ, ನಾನು ಬಾಗಿಲ ಬಳಿಯೇ ಇದ್ದೆ.

ಆಕೆ ಫೈಲು ಮುಚ್ಚಿ, "ಇರ್ಲಿ ಬಿಡ್ರಿ ಅಮ್ಮಾರ," ಎಂದರು. "ನಾವು ಮಾತು ಕೇಳಿ ಮಾರ್ಕ್ಸ್ ಹಾಕಂಗಿಲ್ಲ, ಕೈ ನೋಡಿ ಹಾಕ್ತೀವಿ."

ಮಧ್ಯಾಹ್ನ ಪಂದ್ಯ. ಆ ಮೂವರೂ ಅಂಕಣದ ಪಕ್ಕದಲ್ಲೇ ಕುಳಿತರು. ಅಮ್ಮ ಬಾಟಲಿ ಹಿಡಿದು ಅವಳ ಜಾಗದಲ್ಲಿ ನಿಂತಳು. ಎರಡೂ ತಂಡ ಸಮಸಮ ಆಡುತ್ತ ಕೊನೆಯವರೆಗೂ ಬಂದೆವು. ಗೋಲುಗಳು ಸಮವಿದ್ದವು, ಗಡಿಯಾರದಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ನಮ್ಮ ಎರಡರವರಿಬ್ಬರೂ ಒಂದು ಮೂಲೆಯಲ್ಲಿ ಸಿಕ್ಕಿಹಾಕಿಕೊಂಡರು. ಅವರಲ್ಲೊಬ್ಬ ಬೇರೆ ದಾರಿ ಕಾಣದೆ ಚೆಂಡನ್ನು ದೂರದಿಂದಲೇ ನನ್ನ ತೊಡೆಯ ಮೇಲೆ ಎಸೆದ.

ಚೆಂಡು ನನಗೆ ಬರುವುದೇ ಅಪರೂಪ. ಬಂದರೂ ಕೆಳಗಿನಿಂದ ಮೊರದಲ್ಲಿ ತೂರಿದಂತೆ ಪಕ್ಕದವನಿಗೆ ಎತ್ತಿ ಹಾಕುವುದಷ್ಟೇ ನನಗೆ ಗೊತ್ತಿದ್ದದ್ದು. ಪಕ್ಕದಲ್ಲಿ ಯಾರೂ ಇರಲಿಲ್ಲ. ದೂರದಲ್ಲಿ ಕ್ಯಾಪ್ಟನ್ ಒಬ್ಬರೇ ತಪ್ಪಿಸಿಕೊಂಡು ಗೆರೆಯ ಹತ್ತಿರ ಕೈ ಎತ್ತಿ ನಿಂತಿದ್ದರು. ನಮ್ಮಿಬ್ಬರ ನಡುವೆ ಎದುರಾಳಿಯೊಬ್ಬನ ಚಾಚಿದ ತೋಳು. ಅದರ ಮೇಲಿಂದ ಚೆಂಡು ಹೋಗಬೇಕಾದರೆ ಎದೆಯಿಂದ ತಳ್ಳಬೇಕು.

ಆ ಹೊತ್ತಿನಲ್ಲಿ ಏನೂ ಯೋಚಿಸಲಿಲ್ಲ ಎಂದು ಆಟಗಾರರು ಹೇಳುವುದುಂಟು. ನಾನು ಯೋಚಿಸಿದೆ. ಪಕ್ಕದಲ್ಲಿ ಮೂವರು ಕುಳಿತಿರುವುದು ಗೊತ್ತಿತ್ತು, ಎಂಟರ ಲೆಕ್ಕವೂ ಗೊತ್ತಿತ್ತು. ಚೆಂಡನ್ನು ತೊಡೆಯ ಮೇಲೇ ಇಟ್ಟುಕೊಂಡು ಗಂಟೆ ಬಾರಿಸುವವರೆಗೆ ಕುಳಿತಿದ್ದರೆ ಯಾರೂ ನನ್ನನ್ನು ಬಯ್ಯುತ್ತಿರಲಿಲ್ಲ, ಅರ್ಧದವನಿಂದ ಯಾರೂ ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ಆದರೆ 'ಅವನ ಕೈಲಿ ಏನೂ ಆಗಲ್ಲ' ಎಂದು ಅಮ್ಮ ಹೇಳಿಬಂದಿದ್ದಳು. ಅದು ಸುಳ್ಳಾಗಬೇಕಿತ್ತು. ಎರಡು ಅಂಗೈಗಳ ನಡುವೆ ಚೆಂಡು ಹಿಡಿದು ಎದೆಯಿಂದ ತಳ್ಳಿದೆ. ಎರಡೂ ಮೊಣಕೈಗಳು ನೀಡಿಕೊಂಡವು. ಚೆಂಡು ಆ ತೋಳಿನ ಮೇಲೆ ಹಾದು ಕ್ಯಾಪ್ಟನ್ ಮಡಿಲಿಗೆ ಬಿತ್ತು, ಅವರು ಗೆರೆ ದಾಟಿದರು.

ಗೆದ್ದೆವು. ಎಲ್ಲರೂ ಕುರ್ಚಿಗೆ ಕುರ್ಚಿ ಗುದ್ದಿ ಕೂಗಾಡುವಾಗ ಅಮ್ಮ ಮಾತ್ರ ಆ ಮೂವರ ಕಡೆಯೇ ನೋಡುತ್ತಿದ್ದಳು. ಅವರು ತಲೆ ತಗ್ಗಿಸಿ ಬರೆಯುತ್ತಿದ್ದರು.

ಸಂಜೆಗೆ ಒಂದು ಅಂಕ ಎಂದು ತಿಳಿಸಿದರು. ಕ್ಯಾಪ್ಟನ್ ಬಂದು ನನ್ನ ಕುರ್ಚಿಗೆ ಮೆಲ್ಲಗೆ ಒಂದು ಗುದ್ದು ಕೊಟ್ಟರು. "ಗೊರಬಲು ಅಂತ ತಂದಿದ್ದೆ. ಬೆಟ್ಟೆ ಆಗ್ಬಿಟ್ಯಲ್ಲೋ ಮಾರಾಯ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಉಳಿದ ಪಂದ್ಯಗಳಲ್ಲಿ ನನ್ನ ಜಾಗದಲ್ಲಿ, ರಾಜ್ಯ ತಂಡದಲ್ಲಿ ಸರದಿ ಕಾಯುತ್ತಿದ್ದ ಇನ್ನೊಬ್ಬ ಅರ್ಧದವನು ಆಡಿದ. ನಾನು ಅಮ್ಮನ ಪಕ್ಕದಲ್ಲಿ, ಅಂಕಣದ ಅಂಚಿನಲ್ಲಿ. ನೋವಾಗಲಿಲ್ಲ ಎಂದರೆ ಸುಳ್ಳು. ಬಹಳ ನೋವಾ­ಯಿತು. ಸೆಮಿಫೈನಲಿನಲ್ಲಿ ನಮ್ಮವರು ಸೋತಾಗ, ನಾನಿದ್ದಿದ್ದರೆ ಎಂದು ಅನ್ನಿಸಿತು, ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಒಂದರವನು ಇನ್ನೊಂದು ಬಗೆಯ ಆಟ ಕಲಿಯಬೇಕು, ಇನ್ನೊಂದು ಜೋಡಣೆಯಲ್ಲಿ ಜಾಗ ಹುಡುಕಿಕೊಳ್ಳಬೇಕು. ಹುಡುಕಿಕೊಂಡಿದ್ದೇನೆ. ಕ್ಯಾಪ್ಟನ್ ವಿಶ್ರಾಂತಿ ಪಡೆಯುವ ಪಂದ್ಯಗಳಲ್ಲಿ ಆಡುತ್ತೇನೆ. ಕೆಟ್ಟ ದಿನ ಬಂತೆಂದರೆ ಇವತ್ತಿಗೂ ಹೊಸಮನೆಯ ಮಂಟಪಕ್ಕೆ ಹೋಗುತ್ತೇನೆ.

ಆ ಸಲ ಊರಿಗೆ ಮರಳಿದ ದಿನದ್ದೊಂದು ಹೇಳಿ ಮುಗಿಸುತ್ತೇನೆ. ಅಪ್ಪ ಸ್ಟೇಷನ್ನಿನಿಂದ ಓಮ್ನಿಯಲ್ಲಿ ಕರೆತಂದು ಮನೆಯ ಮುಂದೆ ನಿಲ್ಲಿಸಿದರು. ಬೇಲಿಯಾಚೆ ತಮಿಳು ಆಂಟಿ ಬಟ್ಟೆ ಒಣಹಾಕುತ್ತಿದ್ದರು.

"ಏನು ತಂಬಿ, ಕಪ್ ಬಂತಾ?" ಎಂದರು.

"ಕಪ್ ಬರ್ಲಿಲ್ಲ," ಎಂದಳು ಅಮ್ಮ, ಸಾಲಿನ ಕೊನೆಯ ಮನೆಗೂ ಕೇಳುವಂತೆ. "ಒಂದು ಬಂತು ಕಣ್ರೀ. ಮೂರೂವರೆಗೆ ಒಂದು. ಮುಂಚೆ ಬರೀ ಅರ್ಧ ಇತ್ತು."

ಆಂಟಿಗೆ ಏನೂ ತಿಳಿಯಲಿಲ್ಲ, ಆದರೂ ತಲೆಯಾಡಿಸಿದರು. ಅಮ್ಮ ವ್ಯಾನಿನ ಬಾಗಿಲು ಸರಿಸಿ ನನ್ನನ್ನು ಎತ್ತಲು ಎಂದಿನಂತೆ ಕೈ ಚಾಚಿದಳು. ನಾನು ಆ ಕೈಯನ್ನು ತಳ್ಳಿದೆ.

"ಹಲಗೆ ಕೊಡಮ್ಮ. ನಾನೇ ಇಳೀತೀನಿ."

ಅವಳು ನನ್ನ ಮುಖ ನೋಡಿದಳು. ಓಡಿಬಂದು ಎತ್ತಲಿಲ್ಲ. ಸೀಟಿನ ಹಿಂದೆ ಬಿದ್ದಿದ್ದ ಹಲಗೆ ತೆಗೆದು ಸೀಟಿನಿಂದ ಕುರ್ಚಿಗೆ ಇಟ್ಟು ಹಿಂದಕ್ಕೆ ಸರಿದು, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. ನಾನು ಅಂಗೈ ಊರಿ ಮೊಣಕೈ ನೀಡಿದೆ, ತುಸು ಜಾರಿದೆ, ಸುಧಾರಿಸಿಕೊಂಡೆ, ಮತ್ತೆ ಊರಿದೆ. ಬಹಳ ಹೊತ್ತು ಹಿಡಿಯಿತು. ಆಂಟಿಯ ಕೈಯ ಒದ್ದೆ ಬಟ್ಟೆ ಅಲ್ಲೇ ತೊಟ್ಟಿಕ್ಕುತ್ತಿತ್ತು. ಕುರ್ಚಿಯಲ್ಲಿ ಕುಳಿತು ನೋಡಿದಾಗ ಅಮ್ಮನ ಕೈಗಳು ಇನ್ನೂ ಸೆರಗಿನಲ್ಲೇ ಇದ್ದವು.